ಗೆಳತಿಯ ಜೊತೆ ಲಿಸ್ಬನ್‌ನಲ್ಲಿ ವಾರಾಂತ್ಯ: ಸಿಂತ್ರಾ ಬಿಟ್ಟರೆ ನಷ್ಟವೇ?

ತುಂಗಾತೀರ:

ಪೆಂಟೆಕೋಸ್ಟ್ ಹಬ್ಬದ ಸೋಮವಾರ ಜರ್ಮನಿಯಲ್ಲೂ ರಜೆ, ನೆದರ್ಲೆಂಡ್ಸ್‌ನಲ್ಲೂ ರಜೆ. ಅದಕ್ಕೆ ಶುಕ್ರವಾರವನ್ನು ಸೇರಿಸಿಕೊಂಡು ನಾನು ಫ್ರಾಂಕ್‌ಫರ್ಟ್‌ನಿಂದಲೂ ನನ್ನ ಪಿಯುಸಿ ಕಾಲದ ಗೆಳತಿ ಐಂಡ್‌ಹೋವನ್‌ನಿಂದಲೂ ಲಿಸ್ಬನ್‌ಗೆ ಹೋಗಿ ಬಂದೆವು. ಹೊರಡುವ ಮುಂಚೆ ಸಲಹೆ ಕೇಳಿದವರೆಲ್ಲ ಒಂದು ದಿನವನ್ನು ಹತ್ತಿರದ ಬೆಟ್ಟದೂರು ಸಿಂತ್ರಾಕ್ಕೆ ಎತ್ತಿಡಿ ಎಂದರು. ನಾವು ಎತ್ತಿಡಲಿಲ್ಲ. ಗೆಳತಿಯ ಜೊತೆ ಇಷ್ಟು ಚಿಕ್ಕ ಪ್ರವಾಸ ಮಾಡುವವರು ಎತ್ತಿಡಲೂಬಾರದು ಎನ್ನುವುದು ನನ್ನ ವಾದ. ಬೈಯುವವರು ಪೂರ್ತಿ ಓದಿ ಬೈಯಿರಿ.

ರೊಸ್ಸಿಯೋ ನಿಲ್ದಾಣದಿಂದ ಸಿಂತ್ರಾಕ್ಕೆ ರೈಲಿನಲ್ಲಿ ಸುಮಾರು 40 ನಿಮಿಷ. ಅದೇನೂ ದೂರವಲ್ಲ. ಆದರೆ ಇಳಿದ ಮೇಲೆ ಬೆಟ್ಟ ಹತ್ತುವ ಬಸ್ಸಿಗೆ ಒಂದು ಸಾಲು, ಪೆನಾ ಅರಮನೆಯ ಒಳಗೆ ಹೋಗಲು ಟಿಕೆಟ್ಟಿನಲ್ಲಿ ಬರೆದ ಸಮಯಕ್ಕೆ ಸರಿಯಾಗಿ ಇನ್ನೊಂದು ಸಾಲು, ಇಳಿಯುವಾಗ ಮತ್ತೆ ಬಸ್ಸಿಗೆ ಸಾಲು. ವರ್ಷಕ್ಕೊಮ್ಮೆ ಭೇಟಿಯಾಗುವ ಗೆಳತಿಯ ಜೊತೆ ಗಡಿಯಾರ ನೋಡುತ್ತ ನಿಲ್ಲುವುದಕ್ಕೆ ವಿಮಾನದ ಟಿಕೆಟ್ ಯಾಕೆ ಬೇಕು?

ಲಿಸ್ಬನ್ ನಗರಕ್ಕೇ ಆ ದಿನ ಬೇಕು. ನಕ್ಷೆಯಲ್ಲಿ ಹತ್ತಿರವೆಂದು ಕಾಣುವುದು ಇಲ್ಲಿ ಹತ್ತಿರವಲ್ಲ, ಏಕೆಂದರೆ ನಡುವೆ ಒಂದು ಗುಡ್ಡ ಇರುತ್ತದೆ. ಕಾಲುದಾರಿಗಳಿಗೆ ಹಾಸಿರುವುದು ಬಿಳಿ ಸುಣ್ಣಕಲ್ಲು ಮತ್ತು ಕರಿಕಲ್ಲಿನ ಚಿಕ್ಕ ಚಿಕ್ಕ ತುಂಡುಗಳು. ನೋಡಲು ರಂಗೋಲಿ ಹಾಕಿದಂತೆ ಇದ್ದರೂ ಜನ ನಡೆದು ನಡೆದು ಆ ಕಲ್ಲುಗಳು ನುಣ್ಣಗಾಗಿವೆ. ಇಳಿಜಾರಿನಲ್ಲಿ, ಅದೂ ಮಳೆ ಬಿದ್ದಿದ್ದರೆ, ಸವೆದ ಅಟ್ಟೆಯ ಬೂಟಿನವರ ಗತಿ ಮುಗಿದ ಹಾಗೆ.

ಹೋಗುವವರು ಮೊದಲು ನೋಡಿಕೊಳ್ಳಬೇಕಾದದ್ದು ವಾರ. ರಜೆ ನಮಗೆ ಸೋಮವಾರ, ಆದರೆ ಪೋರ್ಚುಗಲ್‌ನಲ್ಲಿ ಜೆರೋನಿಮೋಸ್ ಮಠವೂ ಸೇರಿ ಹೆಚ್ಚಿನ ದೊಡ್ಡ ವಸ್ತುಸಂಗ್ರಹಾಲಯಗಳು ಸೋಮವಾರವೇ ಬಾಗಿಲು ಹಾಕಿರುತ್ತವೆ. ಆದ್ದರಿಂದ ನಾವು ಶನಿವಾರ ಬೆಳಗ್ಗೆಯೇ ಆ ಮಠ ಇರುವ ಬೆಲೆಂ ಕಡೆಗೆ ಹೋದೆವು. ಸೋಮವಾರಕ್ಕೆ ಕಾರ್ಮೋ ಮಠದ ಅವಶೇಷವನ್ನೂ ಸಾಂ ಜಾರ್ಜ್ ಕೋಟೆಯನ್ನೂ ಇಟ್ಟುಕೊಂಡೆವು. ಕಾರ್ಮೋದ ವಾರದ ರಜೆ ಭಾನುವಾರ, ಸೋಮವಾರ ತೆರೆದಿರುತ್ತದೆ.

ಕಾರ್ಮೋದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಪೂಜೆಗೆ ಜನ ಚರ್ಚುಗಳಲ್ಲಿ ಸೇರಿದ್ದ ಹೊತ್ತಿಗೇ ಭೂಮಿ ನಡುಗಿತು. ಚಾವಣಿಗಳು ಕುಸಿದವು, ಹಬ್ಬಕ್ಕೆ ಹಚ್ಚಿದ್ದ ಮೇಣದಬತ್ತಿಗಳಿಂದ ಬೆಂಕಿ ಹರಡಿತು, ಪ್ರಾಣ ಉಳಿಸಿಕೊಳ್ಳಲು ನದೀತೀರಕ್ಕೆ ಓಡಿದವರ ಮೇಲೆ ಸುನಾಮಿ ಬಂತು. ಕಾರ್ಮೋದ ಚಾವಣಿ ಅಂದು ಬಿದ್ದದ್ದು ಇಂದಿಗೂ ಹಾಗೆಯೇ ಇದೆ. ಕಮಾನುಗಳು ಮಾತ್ರ ನಿಂತಿವೆ, ಅವುಗಳ ನಡುವೆ ನೇರವಾಗಿ ಆಕಾಶ. ಕೆಳಗೆ ಹುಲ್ಲು ಬೆಳೆದಿದೆ. ರಾಜ ಒಂದನೇ ಜೋಸೆಗೆ ಈ ಭೂಕಂಪದ ನಂತರ ಕಲ್ಲಿನ ಗೋಡೆಗಳೆಂದರೆ ಎಷ್ಟು ಭಯವಾಯಿತೆಂದರೆ ಅಜುದಾ ಗುಡ್ಡದ ಮೇಲೆ ಮರದ ಬಿಡಾರ ಕಟ್ಟಿಸಿಕೊಂಡು ಉಳಿದ ಕಾಲವನ್ನೆಲ್ಲ ಅಲ್ಲೇ ಕಳೆದ.

ಇನ್ನು ಗೆಳೆತನದ ವಿಷಯ. ನಾನು ನಿಧಾನದವಳು, ಅವಳು ಸೂರ್ಯ ಹುಟ್ಟುವ ಮೊದಲೇ ಬೂಟು ಕಟ್ಟಿಕೊಳ್ಳುವವಳು. ಹಾಗಾಗಿ ಬೆಳಗ್ಗೆ ಹನ್ನೊಂದರ ತನಕ ಅವರವರ ದಾರಿ ಅವರವರಿಗೆ ಎಂದು ಮಾಡಿಕೊಂಡೆವು. ಅವಳು ಅಲ್ಫಾಮಾದ ಓಣಿಗಳನ್ನು ಸುತ್ತಿ ಬರುತ್ತಿದ್ದಳು, ನಾನು ಬೀದಿ ಮೂಲೆಯ ಅಂಗಡಿಯಲ್ಲಿ ಕಾಫಿ ಕುಡಿಯುತ್ತ ಕೂರುತ್ತಿದ್ದೆ. ಖರ್ಚಿನ ಲೆಕ್ಕವನ್ನು ಅದೇ ರಾತ್ರಿ ಮುಗಿಸುತ್ತಿದ್ದೆವು. ಊರಿಗೆ ಬಂದ ಮೇಲೆ ನೋಡೋಣ ಎಂದು ಬಿಟ್ಟ ಲೆಕ್ಕದಿಂದ ಮಾತು ಬಿಟ್ಟವರನ್ನು ನೋಡಿದ್ದೇನೆ.

ಪ್ರಶ್ನೆಗಳಿದ್ದರೆ ಕೇಳಿ. ಸಿಂತ್ರಾ ಪಕ್ಷದವರಿಗೂ ಸ್ವಾಗತ.

ಪಯಣಿಗ:

ಸಿಂತ್ರಾ ಪಕ್ಷದ ಪರವಾಗಿ ನಾನು ಹಾಜರ್. ತುಂಗಾತೀರ ಅವರೇ, ನೀವು ಹೇಳಿದ ಸಾಲುಗಳೆಲ್ಲ ಇರುವುದು ಹತ್ತು ಗಂಟೆಯ ನಂತರ ಹೋಗುವವರಿಗೆ. ಪೆನಾ ಅರಮನೆಯ ಒಳಗಿನ ಕೋಣೆಗಳನ್ನು ಬಿಟ್ಟುಬಿಡಿ. ಬೆಳಗಿನ ರೈಲು ಹಿಡಿದು, ಮೂರ್ ಎನ್ನುವ ಉತ್ತರ ಆಫ್ರಿಕದ ಮುಸ್ಲಿಮರ ಕಾಲದ ಕೋಟೆಗೆ ಕಾಡಿನ ದಾರಿಯಲ್ಲಿ ನಡೆದೇ ಹತ್ತಿ, ಕೋಟೆ ಗೋಡೆಯ ಮೇಲಿಂದ ಪೆನಾದ ಹಳದಿ ಕೆಂಪು ಗೋಪುರಗಳನ್ನು ನೋಡಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಲಿಸ್ಬನ್‌ನಲ್ಲಿ ಇರಬಹುದು. ಮಲೆನಾಡಿನವರಿಗೆ ಆ ಮಂಜು, ಪಾಚಿ ಹಿಡಿದ ಬಂಡೆ, ಜರೀಗಿಡಗಳನ್ನು ನೋಡಿದರೆ ಸಂತೋಷವಾಗುತ್ತದೆ. ಹಾಗೆ ಹೋಗಿ ಬಂದವನ ಮಾತು ಇದು.

ತುಂಗಾತೀರ:

ಮಲೆನಾಡಿನಲ್ಲೇ ಹುಟ್ಟಿದವಳಿಗೆ ಮಂಜು ತೋರಿಸಲು ಪೋರ್ಚುಗಲ್ ಬೇಕೇ ಪಯಣಿಗ ಅವರೇ? ನಮ್ಮಲ್ಲಿ ಸಿಗದೇ ಇರುವುದು ಬಿಸಿಲು ಮತ್ತು ಹೆಂಚಿನ ಮಾಡುಗಳ ಆಚೆ ಕಡಲಿನಷ್ಟು ಅಗಲದ ನದಿ. ಅದನ್ನು ನೋಡಲು ಗ್ರಾಸಾ ಗುಡ್ಡದ ಮೇಲೆ ಸಂಜೆ ಕೂತಿದ್ದೆವು. ಆದರೂ ಕೋಟೆಗೆ ನಡೆದು ಹತ್ತುವ ನಿಮ್ಮ ಉಪಾಯ ಚೆನ್ನಾಗಿದೆ, ಮುಂದಿನವರಿಗೆ ಆಗುತ್ತದೆ.

ಬೆಣ್ಣೆದೋಸೆ:

ಊಟದ ಸುದ್ದಿಯೇ ಇಲ್ಲವಲ್ಲ? ನಾವು ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಲ್ಲಿ ಎಲ್ಲದರಲ್ಲೂ ಮೀನು ಎಂದು ಕೇಳಿದ್ದೇನೆ. ಬ್ರೆಡ್ಡು, ಬಾಳೆಹಣ್ಣಿನ ಮೇಲೆ ವಾರಾಂತ್ಯ ಕಳೆಯಬೇಕೇ?

ಮೊಟ್ಟೆಬೇಡ:

ತುಂಗಾತೀರಳ ಬರಹದಲ್ಲಿ ಬರುವ "ಸೂರ್ಯ ಹುಟ್ಟುವ ಮೊದಲೇ ಬೂಟು ಕಟ್ಟಿಕೊಳ್ಳುವ ಗೆಳತಿ" ನಾನೇ. ಹನ್ನೊಂದರ ನಿಯಮವನ್ನು ಮಾಡಿದ್ದು "ನಾವು" ಅಲ್ಲ ಕಣೇ, ನಾನು. ನೀನು ಏಳುವುದನ್ನು ಕಾಯುತ್ತ ಕೂತಿದ್ದರೆ ಊರು ನೋಡುವುದು ಅಷ್ಟರಲ್ಲೇ ಇತ್ತು.

ಬೆಣ್ಣೆದೋಸೆ ಅವರೇ, ನಿಮ್ಮ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ನನ್ನ ಹೆಸರಿನಲ್ಲೇ ಇದೆ. ಮೊಟ್ಟೆ ತಿನ್ನದವರಿಗೆ ಲಿಸ್ಬನ್‌ನ ಸಿಹಿ ಅಂಗಡಿಗಳು ಒಂದು ಪರೀಕ್ಷೆ. ಗಾಜಿನ ಪೆಟ್ಟಿಗೆಯಲ್ಲಿ ಹಳದಿಯಾಗಿ ಕಾಣುವುದೆಲ್ಲ ಮೊಟ್ಟೆಯ ಹಳದಿ ಭಾಗವೇ. ಹಿಂದೆ ಮಠಗಳಲ್ಲಿ ಬಟ್ಟೆಗೆ ಗಂಜಿ ಹಾಕಲು ಮೊಟ್ಟೆಯ ಬಿಳಿ ಭಾಗವನ್ನು ಬಳಸುತ್ತಿದ್ದರಂತೆ, ಉಳಿದ ಹಳದಿ ಭಾಗಕ್ಕೆ ಸಕ್ಕರೆ ಸೇರಿಸಿ ಸಿಹಿ ಮಾಡಲು ಕಲಿತರಂತೆ. 1834ರಲ್ಲಿ ಸರ್ಕಾರ ಮಠಗಳನ್ನು ಮುಚ್ಚಿಸಿದಾಗ ಜೆರೋನಿಮೋಸ್ ಮಠದ, ಪದರು ಹಿಟ್ಟಿನ ಬಟ್ಟಲಿಗೆ ಕಸ್ಟರ್ಡ್ ತುಂಬಿ ಬೇಯಿಸುವ ಸಿಹಿಯ ಪಾಕವಿಧಾನ ಹೊರಗೆ ಬಂತು. 1837ರಿಂದ ಬೆಲೆಂನ ಒಂದೇ ಅಂಗಡಿ ಅದನ್ನು ಗುಟ್ಟಾಗಿಟ್ಟುಕೊಂಡು ಮಾರುತ್ತಿದೆ. ಬೇರೆ ಕಡೆ ಸಿಗುವ ಪಸ್ತೆಲ್ ದೆ ನಾತಾ ಕೂಡ ಅದೇ ಬಗೆಯದು. ನಾನು ಒಂದನ್ನೂ ಬಾಯಿಗೆ ಇಡಲಿಲ್ಲ. ನನ್ನೆದುರು ಕೂತು, ಮೇಲೆ ದಾಲ್ಚಿನ್ನಿ ಪುಡಿ ಉದುರಿಸಿಕೊಂಡು, ಪದರಗಳು ಮಡಿಲ ಮೇಲೆ ಉದುರುವಂತೆ ಒಬ್ಬಳು ತಿಂದಳು. ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಉಪ್ಪಿನ ಅಡುಗೆಯಲ್ಲಿ ಎಚ್ಚರ ಬೇಕಾದದ್ದು ಸೂಪಿನಲ್ಲಿ. ಕಾಲ್ದೊ ವೆರ್ದೆ ಎಂದರೆ ಆಲೂಗಡ್ಡೆಯ ಗಂಜಿಯಂಥ ಸಾರಿನಲ್ಲಿ ಸಣ್ಣಗೆ ಹೆಚ್ಚಿದ ಸೊಪ್ಪು. ಓದಿದರೆ ನಮ್ಮದೇ ಅನ್ನಿಸುತ್ತದೆ, ಬಟ್ಟಲು ಬಂದಾಗ ಮೇಲೆ ಹಂದಿಮಾಂಸದ ಸಾಸೇಜಿನ ಬಿಲ್ಲೆ ತೇಲುತ್ತಿರುತ್ತದೆ. ಬಿಲ್ಲೆ ಬೇಡ ಎಂದರೆ ತೆಗೆದುಕೊಡುತ್ತಾರೆ, ಆದರೆ ಸಾರನ್ನೇ ಅದರ ಜೊತೆ ಕುದಿಸಿರಬಹುದು. "ಸೊಪ ದೆ ಲೆಗುಮೆಸ್" ಎಂಬ ತರಕಾರಿ ಸೂಪನ್ನು ಕೇಳಿ, ಅದರ ಬಗ್ಗೆಯೂ ಒಮ್ಮೆ ವಿಚಾರಿಸಿ. ಬೀನ್ಸನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುವ ಒಂದು ತಿಂಡಿ ಇದೆ. ಪೋರ್ಚುಗೀಸರು ಜಪಾನಿಗೆ ಕೊಂಡೊಯ್ದ ಈ ಬಗೆಯ ಕರಿದ ತಿಂಡಿಯಿಂದಲೇ ಅಲ್ಲಿನ ತೆಂಪುರಾ ಹುಟ್ಟಿತು ಎನ್ನುತ್ತಾರೆ. ಆ ಹಿಟ್ಟಿನಲ್ಲೂ ಮೊಟ್ಟೆ ಇರುವುದುಂಟು.

ನನಗೆ ಸಿಕ್ಕ ನಿಜವಾದ ಖುಷಿ ಚೀಸ್. ಚೀಸ್ ಮಾಡಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪನ್ನು ಬಳಸುತ್ತಾರೆ, ಆದ್ದರಿಂದ ಕಟ್ಟಾ ಸಸ್ಯಾಹಾರಿಗಳು ದೂರ ಇರುತ್ತಾರೆ. ಪೋರ್ಚುಗಲ್‌ನ ಸೆರಾ ದ ಎಸ್ತ್ರೆಲಾ, ಅಜೈತಾಂವ್ ಎಂಬ ಕುರಿಹಾಲಿನ ಚೀಸುಗಳಿಗೆ ಹೆಪ್ಪಾಗಿ ಹಾಕುವುದು ಒಂದು ಜಾತಿಯ ಮುಳ್ಳುಗಿಡದ ಒಣಗಿದ ಹೂವು. ಅಜೈತಾಂವ್ ಚಿಕ್ಕ ಉಂಡೆ. ಮೇಲಿನ ಸಿಪ್ಪೆಯನ್ನು ಮುಚ್ಚಳದಂತೆ ಕತ್ತರಿಸಿ ತೆಗೆದರೆ ಒಳಗೆ ಚಮಚದಲ್ಲಿ ಎತ್ತುವಷ್ಟು ಮೆತ್ತಗಿರುತ್ತದೆ, ಸ್ವಲ್ಪ ಕಹಿ, ಸ್ವಲ್ಪ ಹುಳಿ. ಬ್ರೆಡ್ಡಿಗೆ ಸವರಿಕೊಂಡು ನಾನು ರಾತ್ರಿಯ ಊಟವನ್ನೇ ಮುಗಿಸಿದೆ.

ಹಾಗೆಯೇ, ಹೋಟೆಲಿನಲ್ಲಿ ಕೂತ ತಕ್ಷಣ ಕೇಳದೆಯೇ ಬ್ರೆಡ್ಡು, ಆಲಿವ್, ಚೀಸ್ ತಂದು ಇಡುತ್ತಾರೆ. ಅದು ಉಚಿತವಲ್ಲ, ಮುಟ್ಟಿದರೆ ಬಿಲ್ಲಿಗೆ ಸೇರುತ್ತದೆ. ಬೇಡವೆಂದರೆ ಬೇಸರವಿಲ್ಲದೆ ವಾಪಸ್ ತೆಗೆದುಕೊಂಡು ಹೋಗುತ್ತಾರೆ.

ಅನ್ನ ಬೇಕೇ ಬೇಕು ಎನ್ನುವವರಿಗೆ ಎರಡು ದಾರಿ. ಮಾರ್ತಿಂ ಮೊನಿಜ್ ಚೌಕದ ಹಿಂದಿನ ಬೀದಿಗಳಲ್ಲಿ ಬಾಂಗ್ಲಾ, ನೇಪಾಳ, ಪಂಜಾಬಿನವರ ದಿನಸಿ ಅಂಗಡಿಗಳೂ ಊಟದ ಮನೆಗಳೂ ಇವೆ. ಇನ್ನೊಂದು, ಊರಿನ ಉತ್ತರಕ್ಕೆ ಲುಮಿಯಾರ್‌ನಲ್ಲಿರುವ ರಾಧಾಕೃಷ್ಣ ದೇವಸ್ಥಾನದ ಸಸ್ಯಾಹಾರಿ ಕ್ಯಾಂಟೀನು. ಅಲ್ಲಿನ ಹಿಂದೂಗಳಲ್ಲಿ ಹೆಚ್ಚಿನವರು ಮೊಜಾಂಬಿಕ್‌ನಿಂದ ಬಂದ ಗುಜರಾತಿ ಮೂಲದವರು. ಆ ದೇಶ 1975ರಲ್ಲಿ ಸ್ವತಂತ್ರವಾದ ಸುತ್ತಮುತ್ತ ಲಿಸ್ಬನ್‌ಗೆ ಬಂದು ನೆಲೆಸಿದರು. ತೆರೆದಿರುವ ಸಮಯವನ್ನು ಮೊದಲೇ ವಿಚಾರಿಸಿಕೊಂಡು ಹೋಗಿ.

ಬೆಣ್ಣೆದೋಸೆ:

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ಧನ್ಯವಾದ. ಮುಳ್ಳುಗಿಡದ ಹೂವಿನ ಹೆಪ್ಪು! ನಮ್ಮ ಮಾವನವರಿಗೆ ಇದನ್ನು ಓದಿ ಹೇಳಿದೆ. ಅವರು ಇನ್ನೂ ನಂಬಿಲ್ಲ.

ಲಂಡನ್ ಮಳೆ:

ಜರ್ಮನಿ, ನೆದರ್ಲೆಂಡ್ಸ್‌ನವರಿಗೆ ಇದೆಲ್ಲ ಸುಲಭ. ಅಲ್ಲಿನ ವಾಸದ ಪರವಾನಗಿ ಇದ್ದರೆ ಪಾಸ್‌ಪೋರ್ಟಿನ ಜೊತೆ ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಹೊರಟುಬಿಡಬಹುದು. ಬ್ರಿಟನ್ನಿನಲ್ಲಿ ಇರುವ ನಮ್ಮಂಥ ಭಾರತೀಯ ಪಾಸ್‌ಪೋರ್ಟಿನವರಿಗೆ ಷೆಂಗೆನ್ ವೀಸಾ ಬೇಕು. ಬ್ಯಾಂಕ್ ಹಾಲಿಡೇ ಎಂಬ ಸಾರ್ವಜನಿಕ ರಜೆಗಳ ಪಟ್ಟಿ ನೋಡಿ ಟಿಕೆಟ್ ಕಾಯ್ದಿರಿಸುವ ಮೊದಲು ವೀಸಾ ಅರ್ಜಿಗೆ ದಿನ ಸಿಗುತ್ತದೆಯೇ ನೋಡಿ. ವಾರಾಂತ್ಯದ ಪ್ರವಾಸ ಎನ್ನುವುದು ನಮಗೆ ತಿಂಗಳುಗಳ ಕೆಲಸ. ಬೆಂಗಳೂರಿನಿಂದ ಗೆಳತಿಯನ್ನು ಕರೆಸಿಕೊಳ್ಳುವವರಿಗೂ ಇದೇ ಮಾತು.

ಶರಾವತಿ ಕಣಿವೆ:

ಎಲ್ಲರೂ ತಿಂಡಿಯ ಮಾತಿನಲ್ಲಿ ಇರುವಾಗ ನನ್ನದು ಸ್ವಲ್ಪ ಅಪಸ್ವರ. ಬೆಲೆಂಗೆ ಹೋದಿರಿ ಎಂದಿರಿ. ಜೆರೋನಿಮೋಸ್ ಮಠದ ಚರ್ಚಿನೊಳಗೆ ಕಾಲಿಡುತ್ತಲೇ ವಾಸ್ಕೋ ಡ ಗಾಮನ ಸಮಾಧಿ ಎದುರಾಗುತ್ತದೆ. ಜನ ಅದರ ಮುಂದೆ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಇವನು ಹಡಗುಗಳನ್ನು ದುರಸ್ತಿ ಮಾಡಿಸಿಕೊಂಡದ್ದು ನಮ್ಮ ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ. ಎರಡನೆಯ ಬಾರಿ ಬಂದಾಗ, 1502ರಲ್ಲಿ, ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದವರ ಹಡಗನ್ನು ಹೆಂಗಸರು ಮಕ್ಕಳೆನ್ನದೆ ಸುಡಿಸಿದ. ಇದನ್ನು ಬರೆದಿಟ್ಟವರಲ್ಲಿ ಅವನ ಕಡೆಯವರೇ ಇದ್ದಾರೆ. 1524ರಲ್ಲಿ ಕೊಚ್ಚಿಯಲ್ಲಿ ಸತ್ತ. ಅಲ್ಲಿನ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ ಹೂಳಿದ ಜಾಗವನ್ನು ನಮ್ಮಲ್ಲಿ ಅನೇಕರು ನೋಡಿರುತ್ತೀರಿ. 1539ರಲ್ಲಿ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು. ಬೆಲೆಂಗೆ ತಂದಿಟ್ಟದ್ದು 1880ರಲ್ಲಿ, ಅಂದರೆ ಆ ಸಮಾಧಿ ಕಾಣುವಷ್ಟು ಹಳೆಯದಲ್ಲ.

ಮಠ ಕಟ್ಟಿದ ಹಣ ಎಲ್ಲಿಯದು ಎಂದರೆ ಅದಕ್ಕೂ ನಮಗೂ ನೇರ ಸಂಬಂಧ. ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ್ದ ಶೇಕಡ 5ರ ತೆರಿಗೆಯಲ್ಲಿ ಅದನ್ನು ಕಟ್ಟಿಸಿದ್ದು. ಆ ತೆರಿಗೆಯನ್ನು ಮೆಣಸಿನ ಹೆಸರಿನಿಂದಲೇ ಕರೆಯುತ್ತಿದ್ದರು. ಮೆಣಸು ಹೋಗುತ್ತಿದ್ದದ್ದು ಮಲಬಾರಿನಿಂದ, ನಮ್ಮ ಭಟ್ಕಳ ಹೊನ್ನಾವರದ ಕಡೆಯಿಂದಲೂ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಪ್ರೀತಿಯಿಂದಲ್ಲ, ಮೆಣಸಿನ ವ್ಯಾಪಾರ ಅವಳ ಹಿಡಿತದಲ್ಲಿತ್ತೆಂದು. ಉಳ್ಳಾಲದ ಅಬ್ಬಕ್ಕನ ಕತೆಯನ್ನು ನಾನು ಹೇಳಬೇಕಾಗಿಲ್ಲ.

ಹೋಗಬೇಡಿ ಎನ್ನುತ್ತಿಲ್ಲ. ಹೋಗಿ, ನೋಡಿ. ನೋಡುವಾಗ ಆ ಕಂಬದ ಕೆತ್ತನೆಯಲ್ಲಿ ನಿಮ್ಮ ಅಜ್ಜನ ತೋಟದ ಪಾಲೂ ಇದೆ ಎಂದು ತಿಳಿದಿರಲಿ.

ಮೊಟ್ಟೆಬೇಡ:

ಶರಾವತಿ ಅವರೇ, ಸಮಾಧಿಯ ಮುಂದೆ ನಮ್ಮಿಬ್ಬರಿಗೂ ಇದೇ ಚರ್ಚೆ ಆಯಿತು. ಇವಳು ಎದುರಿನ ಬೆಂಚಿನಲ್ಲಿ ಕೂತುಬಿಟ್ಟಳು, ನಾನು ಹತ್ತಿರ ಹೋಗಿ ನೋಡಿದೆ. ಕಲ್ಲಿನಲ್ಲಿ ಮಲಗಿದ ಗಾಮ ಕೈಮುಗಿದುಕೊಂಡಿದ್ದಾನೆ. ಎದುರಿಗೆ ಕವಿ ಕಮೊಯೆಂಶ್‌ನ ಸಮಾಧಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಒಳಗಿನ ದೊಡ್ಡ ಪೂಜಾಪೀಠದ ಅಕ್ಕಪಕ್ಕದ ರಾಜ ಸಮಾಧಿಗಳು. ಮನುಯೆಲ್ ರಾಜನ ಶವಪೆಟ್ಟಿಗೆಯನ್ನು ಹೊತ್ತಿರುವುದು ಅಮೃತಶಿಲೆಯ ಆನೆಗಳು. ನಮ್ಮ ಕಣ್ಣಿಗೆ ಆ ಆನೆಗಳು ಏನೋ ಸರಿಯಿಲ್ಲ. ಆನೆಗಳನ್ನು ನೋಡುತ್ತಲೇ ಬೆಳೆದ ಶಿಲ್ಪಿ ಹೀಗೆ ಕೆತ್ತುವುದಿಲ್ಲ. ಅದೇ ಮನುಯೆಲ್ ರಾಜನಿಗೆ 1515ರಲ್ಲಿ ಗುಜರಾತಿನಿಂದ ಒಂದು ಘೇಂಡಾಮೃಗವೂ ಬಂದಿತ್ತು. ಜರ್ಮನಿಯ ಡ್ಯೂರರ್ ಕಣ್ಣಾರೆ ಕಾಣದೆಯೇ ಬರೆದ ಪ್ರಸಿದ್ಧ ಚಿತ್ರ ಅದರದ್ದೇ. ಬೆಲೆಂ ಗೋಪುರದ ಒಂದು ಮೂಲೆಯಲ್ಲಿ ಘೇಂಡಾಮೃಗದ ತಲೆ ಕೆತ್ತಿದ್ದಾರೆ. ಗಾಳಿ ಮಳೆಗೆ ಸವೆದು ಮೂತಿ ಮೊಂಡಾಗಿದೆ.

ಹಂಪಿ ಪ್ರೇಮಿ:

ಪೋರ್ಚುಗೀಸರ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ವರ್ಣಿಸಿದ ಡೊಮಿಂಗೊ ಪಾಯಸ್‌ನ ಮೂಲ ಹಸ್ತಪ್ರತಿ ಲಿಸ್ಬನ್‌ನಲ್ಲಿ ನೋಡಲು ಸಿಗುತ್ತದೆಯೇ?

ಶರಾವತಿ ಕಣಿವೆ:

ಇಲ್ಲ, ಅದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಪಾಯಸ್ ಮತ್ತು ಅವನಂತೆಯೇ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ ನ್ಯೂನಿಜ್ ಇಬ್ಬರ ಬರಹಗಳನ್ನೂ ದವೀದ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಲಿಸ್ಬನ್‌ನಿಂದ ಅಚ್ಚು ಹಾಕಿಸಿದರು. ರಾಬರ್ಟ್ ಸಿವೆಲ್ ಇಂಗ್ಲಿಷಿಗೆ ತಂದದ್ದು ಅದರ ನಂತರ. ಲಿಸ್ಬನ್‌ನಲ್ಲಿ ಇರುವುದು ತೊರ್ರೆ ದೊ ತೊಂಬೊ ಎಂಬ ರಾಷ್ಟ್ರೀಯ ಪತ್ರಾಗಾರ. ಮೊದಲು ಕೋಟೆಯ ಗೋಪುರದಲ್ಲಿತ್ತು. 1755ರಲ್ಲಿ ಗೋಪುರ ಬಿದ್ದರೂ ಕಾಗದಗಳ ಬಹುಪಾಲು ಉಳಿಯಿತು. ಆದರೆ ನದೀತೀರದ ಅರಮನೆಯಲ್ಲಿ, ಈಗ ಪ್ರವಾಸಿಗರು ಅಡ್ಡಾಡುವ ಪ್ರಾಸಾ ದೊ ಕೊಮೆರ್ಸಿಯೊ ಚೌಕದ ಜಾಗದಲ್ಲಿ, ಪೂರ್ವದೇಶದ ವ್ಯಾಪಾರ ನೋಡಿಕೊಳ್ಳುತ್ತಿದ್ದ ಕಾಸಾ ದ ಇಂಡಿಯಾ ಇತ್ತು. ಮೆಣಸಿನ ಲೆಕ್ಕವೆಲ್ಲ ಅಲ್ಲೇ. ಅದು ಭೂಕಂಪದಲ್ಲಿ ನಾಶವಾಯಿತು. ನಮ್ಮ ಕರಾವಳಿಯ ಎಷ್ಟು ಇತಿಹಾಸ ಅದರ ಜೊತೆ ಹೋಯಿತೋ.

ಕಟ್ಟಡದವ:

ನಾನು ವೃತ್ತಿಯಿಂದ ಸಿವಿಲ್ ಎಂಜಿನಿಯರ್. ಎಲ್ಲರೂ ಬೆಲೆಂ, ಅಲ್ಫಾಮಾ ಎನ್ನುತ್ತೀರಿ, ಬೈಶಾ ಎಂಬ ತಗ್ಗಿನ ಪೇಟೆಯನ್ನು ದಾಟಿಹೋಗುವ ರಸ್ತೆಯಂತೆ ನೋಡುತ್ತೀರಿ. ಇದಕ್ಕೆ ನನ್ನ ಆಕ್ಷೇಪ.

ಭೂಕಂಪ ಆದ ಮೇಲೆ ಮಾರ್ಕ್ವಿಸ್ ಪೊಂಬಾಲ್ ಎಂದು ಮುಂದೆ ಹೆಸರಾದ ಮಂತ್ರಿ ಈ ಭಾಗವನ್ನು ಸಪಾಟು ಮಾಡಿಸಿ ನೇರ ಬೀದಿಗಳನ್ನು ಹಾಕಿಸಿದ. ಹೊಸ ಕಟ್ಟಡಗಳ ಗೋಡೆಯೊಳಗೆ ಮರದ ಚೌಕಟ್ಟು ಇದೆ. ಉದ್ದ, ಅಡ್ಡ, ಅದರ ಮೇಲೆ ಗುಣಾಕಾರ ಚಿಹ್ನೆಯಂತೆ ಓರೆ ತೊಲೆಗಳು, ನಡುವಿನ ಸಂದಿಗೆ ಕಲ್ಲು ಗಾರೆ. ನೆಲ ನಡುಗಿದಾಗ ಕಲ್ಲು ಉದುರಿದರೂ ಮರದ ಪಂಜರ ಬಾಗಿ ನಿಲ್ಲಬೇಕು ಎನ್ನುವುದು ಲೆಕ್ಕ. ಮಾದರಿ ಕಟ್ಟಿ ಅದರ ಸುತ್ತ ಸೈನಿಕರನ್ನು ಕವಾಯತು ಮಾಡಿಸಿ, ನೆಲ ಅದುರಿಸಿ ಪರೀಕ್ಷೆ ಮಾಡಿದರೆಂದು ಹೇಳುತ್ತಾರೆ. ಕಾಶ್ಮೀರದ ಹಳೆಯ ಮನೆಗಳಲ್ಲೂ ಮರದ ಚೌಕಟ್ಟಿಗೆ ಇಟ್ಟಿಗೆ ತುಂಬುವ ಇಂಥ ಪದ್ಧತಿ ಇದೆ. ಆದರೆ ಇಡೀ ನಗರದ ಪೇಟೆಗೆ ಒಂದೇ ನಿಯಮವಾಗಿ ಇದನ್ನು ಹಾಕಿದ್ದು ಲಿಸ್ಬನ್‌ನ ಹೆಚ್ಚುಗಾರಿಕೆ.

ಕೆಳಗಿನ ಮಣ್ಣು ನದಿ ತಂದ ಹೂಳು. ಅದಕ್ಕೆ ಪೈನ್ ಮರದ ಗೂಟಗಳನ್ನು ಹೊಡೆದು ಅವುಗಳ ಮೇಲೆ ಅಡಿಪಾಯ ಹಾಕಿದರು. ಗೂಟಗಳು ನೀರಿನಲ್ಲಿ ಮುಳುಗಿರುವ ತನಕ ಕೊಳೆಯುವುದಿಲ್ಲ. ಕೊರೆಯೈರೋಸ್ ಬೀದಿಯ ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಇವನ್ನು ಕಣ್ಣಾರೆ ನೋಡಬಹುದು. ರೋಮನ್ನರ ಕಾಲದ ಮೀನು ಹುದುಗಿಸುವ ತೊಟ್ಟಿಗಳೂ ಅಲ್ಲೇ ಇವೆ. ಮಾರ್ಗದರ್ಶಿಯ ಜೊತೆಗೇ ಹೋಗಬೇಕು, ಭಾನುವಾರ ಇಲ್ಲ.

ಬೀದಿಗಳ ಹೆಸರು ಕಸುಬಿನ ಮೇಲೆ: ಚಿನ್ನದವರ ಬೀದಿ, ಬೆಳ್ಳಿಯ ಬೀದಿ, ಚಮ್ಮಾರರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ. ಬಳೇಪೇಟೆ, ಕುಂಬಾರಪೇಟೆ, ಅಕ್ಕಿಪೇಟೆ ಸುತ್ತಿದವರಿಗೆ ಇದು ಪರಿಚಿತ ಏರ್ಪಾಟು. ಈಗ ಎಲ್ಲಾ ಬೀದಿಯಲ್ಲೂ ಮಾರುವುದು ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳನ್ನೇ, ಅದು ಬೇರೆ ಮಾತು.

ಕಾಳುಮೆಣಸು:

ಒಂದು ವಾರಾಂತ್ಯದ ಪ್ರವಾಸಕ್ಕೆ ಚೆನ್ನಭೈರಾದೇವಿಯೂ ಬಂದರು, ಪೈನ್ ಮರದ ಗೂಟವೂ ಬಂತು. ಟ್ರಾಮಿನ ಬಗ್ಗೆ ಯಾರಾದರೂ ಹೇಳಿ. ಹಳದಿ ಟ್ರಾಮಿನಲ್ಲಿ ಕೂರಬೇಕೆಂದೇ ನಾನು ಹೊರಟಿರುವುದು.

ಪಯಣಿಗ:

28ನೇ ನಂಬರ್ ಟ್ರಾಮು ಮಾರ್ತಿಂ ಮೊನಿಜ್‌ನಿಂದ ಕಾಂಪೊ ದೆ ಓರಿಕ್‌ವರೆಗೆ ಓಡುತ್ತದೆ. 1930ರ ದಶಕದ ಮರದ ಡಬ್ಬಿ, ಎರಡು ಗಾಲಿಜೋಡಿ ಮಾತ್ರ. ಅಲ್ಫಾಮಾದಲ್ಲಿ ಮನೆಯ ಗೋಡೆಗೆ ಎಷ್ಟು ಹತ್ತಿರ ಹೋಗುತ್ತದೆ ಎಂದರೆ ಕಿಟಕಿಯಿಂದ ಕೈ ಚಾಚಿದರೆ ಒಗೆದು ಹಾಕಿದ ಬಟ್ಟೆ ಸಿಗುತ್ತದೆ. ಚಾಚಬೇಡಿ. ಹೊಸ ಉದ್ದದ ಟ್ರಾಮುಗಳು ಆ ತಿರುವುಗಳಲ್ಲಿ ತಿರುಗಲಾರವು, ಅದಕ್ಕೇ ಈ ಹಳೆಯವು ಉಳಿದಿರುವುದು.

ಮಾರ್ತಿಂ ಮೊನಿಜ್‌ನಲ್ಲಿ ಹಗಲು ಹೊತ್ತು ಸಾಲು ನಿಂತರೆ ಬಿಸಿಲಿನಲ್ಲಿ ಒಣಗುತ್ತೀರಿ. ಬೆಳಗ್ಗೆ ಬೇಗ ಹೋಗಿ, ಇಲ್ಲವೇ ಆ ತುದಿಯಿಂದ, ಸ್ಮಶಾನದ ಮುಂದಿನ ನಿಲ್ದಾಣದಿಂದ ಈ ಕಡೆಗೆ ಬನ್ನಿ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳಿ, 28 ಕಿಸೆಗಳ್ಳರಿಗೂ ಪ್ರಿಯವಾದ ಟ್ರಾಮು. ನೋಟಕ್ಕೆ ಅಷ್ಟೇ ಚೆನ್ನಾಗಿ, ಜನ ಕಡಿಮೆ ಇರುವ 12ನೇ ನಂಬರ್ ಇದೆ, ಚಿಕ್ಕ ಸುತ್ತು. ಬೆಲೆಂಗೆ ಹೋಗುವ 15 ಹೊಸ ಬಗೆಯದು. ತುಂಬಿದ್ದರೆ ಕಾಯಿಸ್ ದೊ ಸೊದ್ರೆಯಿಂದ ಕಸ್ಕಾಯಿಸ್ ಕಡೆಯ ರೈಲು ಹತ್ತಿ ಬೆಲೆಂನಲ್ಲಿ ಇಳಿಯಿರಿ.

ಗುಡ್ಡ ಹತ್ತುವ ಹಗ್ಗದ ಟ್ರಾಮುಗಳ ವಿಷಯ ಬೇರೆ. 2025ರ ಸೆಪ್ಟೆಂಬರ್ 3ರಂದು ಗ್ಲೋರಿಯಾ ಹೆಸರಿನದು ಹಳಿ ತಪ್ಪಿ 16 ಜನ ಸತ್ತರು. ಹಗ್ಗ ಕಿತ್ತುಬಂದಿತ್ತು. ಆಮೇಲೆ ಉಳಿದವನ್ನೂ ತಪಾಸಣೆಗೆಂದು ನಿಲ್ಲಿಸಿದರು. ಹೋಗುವ ಮುನ್ನ ಯಾವುದು ಓಡುತ್ತಿದೆ ಎಂದು ನೋಡಿಕೊಂಡು ಹೋಗಿ, ಅದಕ್ಕಾಗಿಯೇ ದಿನವನ್ನು ಎತ್ತಿಡಬೇಡಿ.

ತುಂಗಾತೀರ:

ಟ್ರಾಮಿಗಿಂತ ದೋಣಿಗೆ ನನ್ನ ಮತ. ಕಾಯಿಸ್ ದೊ ಸೊದ್ರೆಯಿಂದ ನದಿಯ ಆಚೆ ದಡದ ಕಸೀಲಿಯಾಸ್‌ಗೆ ದಿನವೂ ಕೆಲಸಕ್ಕೆ ಹೋಗಿ ಬರುವವರ ದೋಣಿ ಇದೆ. ಹತ್ತೇ ನಿಮಿಷ, ಮೆಟ್ರೋ ಕಾರ್ಡಿನಲ್ಲಿ ಹಣ ತುಂಬಿಸಿಕೊಂಡಿದ್ದರೆ ಅದೇ ಸಾಕು. ಪ್ರವಾಸಿ ದೋಣಿಯವರು ಕೇಳುವ ಹಣಕ್ಕೆ ಹೋಲಿಸಿದರೆ ಇದು ಕಡಲೆಕಾಯಿ ದುಡ್ಡು. ನಡುನೀರಿನಲ್ಲಿ ತಿರುಗಿ ನೋಡಿದರೆ ಇಡೀ ಲಿಸ್ಬನ್ ಗುಡ್ಡಗಳ ಮೇಲೆ ಹರಡಿರುವುದು ಒಮ್ಮೆಗೇ ಕಾಣುತ್ತದೆ. ಬಲಕ್ಕೆ ಕೋಟೆ, ಎಡಕ್ಕೆ ಕೆಂಪು ಬಣ್ಣದ ತೂಗುಸೇತುವೆ. ಆ ಸೇತುವೆ 1966ರಲ್ಲಿ ತೆರೆದಾಗ ಸರ್ವಾಧಿಕಾರಿ ಸಲಜಾರ್‌ನ ಹೆಸರಿತ್ತು. 1974ರ ಏಪ್ರಿಲ್ 25ರಂದು ಸೈನಿಕರು ಆ ಆಡಳಿತವನ್ನು ಕೆಡವಿದ ಮೇಲೆ ದಿನಾಂಕವೇ ಸೇತುವೆಯ ಹೆಸರಾಯಿತು. ಮೇಲೆ ಕಾರು ಓಡುತ್ತವೆ, ಕೆಳಗೆ ರೈಲು.

ಒಂದು ದೂರು ಮಾತ್ರ ನನ್ನದು ಉಳಿದಿದೆ. ನಾವು ಹಿಡಿದ ಮನೆಯ ಜಾಹೀರಾತಿನಲ್ಲಿ "ಹಳೆಯ ಲಿಸ್ಬನ್ನಿನ ಸೊಗಡು" ಎಂದಿತ್ತು. ಸೊಗಡು ಎಂದರೆ ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಸುತ್ತು ಮೆಟ್ಟಿಲು, ದೀಪ ಅರ್ಧ ದಾರಿಯಲ್ಲಿ ತಾನಾಗಿ ಆರಿಹೋಗುತ್ತಿತ್ತು. ಮಾಲೀಕರಿಗೆ ಹೇಳಿದರೆ ನಗುವಿನ ಚಿತ್ರ ಕಳಿಸಿದರು. ಮಹಡಿ ಯಾವುದು, ಲಿಫ್ಟ್ ಇದೆಯೇ ಎಂದು ಬರೆದೇ ಕೇಳಿ. ಬಾಡಿಗೆಯ ಮೇಲೆ ನಗರಪಾಲಿಕೆಯ ಪ್ರವಾಸಿ ತೆರಿಗೆ ತಲೆಗೆ ರಾತ್ರಿಗೆ 4 ಯೂರೋ ಬೇರೆ.

ನಿದ್ದೆಗಣ್ಣ:

ಜೂನ್ 12ರ ರಾತ್ರಿ ಸಂತ ಅಂತೋನಿಯ ಹಬ್ಬ. ಅಲ್ಫಾಮಾದಲ್ಲಿ ಆ ರಾತ್ರಿ ಇದ್ದವರಿಗೆ ನಿದ್ದೆಯೂ ಇಲ್ಲ, ನಡೆಯಲು ಜಾಗವೂ ಇಲ್ಲ. ಓಣಿ ಓಣಿಯಲ್ಲಿ ಸಾರ್ಡೀನ್ ಸುಡುತ್ತಾರೆ, ನಮ್ಮ ಭೂತಾಯಿ ಮೀನಿನ ಜಾತಿಯೇ. ಕಿಟಕಿಗಳಲ್ಲಿ ಸಣ್ಣ ಎಲೆಯ ತುಳಸಿಯಂಥ ಗಿಡದ ಕುಂಡ, ಅದಕ್ಕೆ ಕಾಗದದ ಹೂವು, ಜೊತೆಗೆ ಪ್ರೇಮದ ನಾಲ್ಕು ಸಾಲಿನ ಪದ್ಯ ಬರೆದ ಚೀಟಿ. ಮೊಟ್ಟೆಬೇಡ ಅವರಂಥವರು ಆ ಹೊಗೆಯಲ್ಲಿ ನಿಲ್ಲಲಾರರು. ನಾನು ಮಂಗಳೂರಿನವನು, ನಾಲ್ಕು ಗಂಟೆಯ ತನಕ ನಿಂತಿದ್ದೆ.

ಮಲ್ಲಿಗೆಮೊಗ್ಗು:

ಎಲ್ಲವನ್ನೂ ಓದಿದೆ. ನಾನು ಕರೆದುಕೊಂಡು ಹೋಗಬೇಕಾದದ್ದು ಗೆಳತಿಯ ಜೊತೆ ಅವಳ ತಾಯಿಯನ್ನೂ. ಅಮ್ಮನಿಗೆ ಮಂಡಿನೋವು. ಇಷ್ಟೊಂದು ಗುಡ್ಡ, ಮೆಟ್ಟಿಲು ಎಂದರೆ ಲಿಸ್ಬನ್ನನ್ನೇ ಕೈಬಿಡಬೇಕೇ?

ಕಟ್ಟಡದವ:

ಬೇಡ. ಬೈಶಾದಲ್ಲಿ ಕೋಣೆ ಹಿಡಿಯಿರಿ, ಅದು ಸಪಾಟು ನೆಲ. ಶಿಯಾಡೊ ಗುಡ್ಡಕ್ಕೆ ಹೋಗಲು ಬೈಶಾ ಶಿಯಾಡೊ ಮೆಟ್ರೋ ನಿಲ್ದಾಣದ ಎಸ್ಕಲೇಟರುಗಳನ್ನೇ ಬಳಸಿ, ಕೆಳಗಿನ ಬಾಗಿಲಿನಲ್ಲಿ ಹೊಕ್ಕು ಮೇಲಿನ ಬಾಗಿಲಿನಲ್ಲಿ ಹೊರಬಂದರೆ ಟಿಕೆಟ್ಟೇ ಬೇಕಾಗಿಲ್ಲ. ಕೋಟೆಯ ಕಡೆಗಾದರೆ ಫಾಂಕೈರೋಸ್ ಬೀದಿಯ ಒಂದು ಕಟ್ಟಡದೊಳಗೆ ನಗರಪಾಲಿಕೆಯ ಉಚಿತ ಲಿಫ್ಟ್ ಇದೆ. ಅದು ಮೇಲಿನ ಬೀದಿಗೆ ಬಿಡುತ್ತದೆ. ಅಲ್ಲಿಂದ ಸ್ವಲ್ಪ ನಡೆದರೆ ಶಾಂವ್ ದೊ ಲೊರೈರೊ ಹಳೆಯ ಮಾರುಕಟ್ಟೆ ಕಟ್ಟಡದಲ್ಲಿ ಇನ್ನೊಂದು ಲಿಫ್ಟ್. ಎರಡೂ ಸೇರಿದರೆ ಗುಡ್ಡದ ಬಹುಪಾಲು ಏರಿದಂತೆ. ಮುಂದೆ ಉಳಿಯುವ ಏರು ಸಣ್ಣದು, ಆದರೆ ಕಲ್ಲುಹಾಸು ನುಣುಪು, ಅಮ್ಮನ ಕೈ ಹಿಡಿದುಕೊಳ್ಳಿ.

ಮೊಟ್ಟೆಬೇಡ:

ಲಿಫ್ಟೂ ಬೇಡವೆಂದರೆ 737ನೇ ನಂಬರಿನ ಚಿಕ್ಕ ಬಸ್ಸು ಫಿಗೈರಾ ಚೌಕದಿಂದ ನೇರವಾಗಿ ಕೋಟೆಯ ಬಳಿಗೇ ಹೋಗುತ್ತದೆ. ಅದು ಹೊರಡುವುದೇ ಆ ಚೌಕದಿಂದ, ಆದ್ದರಿಂದ ಅಲ್ಲೇ ಹತ್ತಿದರೆ ಅಮ್ಮನಿಗೆ ಸೀಟು ಸಿಗುತ್ತದೆ. ಇಳಿಯುವಾಗಲೂ ಬಸ್ಸಿನಲ್ಲೇ ಬನ್ನಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ.